ಮಲಗಿಸಬಾರದ ಏಣಿ

ಮೆಣಸು ಕೊಯ್ಯುವ ಏಣಿಯನ್ನು ನಮ್ಮ ಕಡೆ ಮಲಗಿಸುವುದಿಲ್ಲ. ಒಂದು ಮರದ ಬಳ್ಳಿ ಮುಗಿಸಿ ಪಕ್ಕದ ಮರಕ್ಕೆ ಹೋಗುವಾಗ ಏಣಿಯನ್ನು ನೆಟ್ಟಗೆ ನಿಲ್ಲಿಸಿಕೊಂಡೇ, ಬುಡವನ್ನು ಎದೆಗೆ ಅವಚಿ, ತುದಿಯನ್ನು ಆಕಾಶದಲ್ಲಿ ತೂಗಾಡಿಸುತ್ತಾ ನಡೆಯುತ್ತಾರೆ. ಮೆಣಸು ಹಣ್ಣಾಗುವ ಹೊತ್ತಿಗೇ ಕಾಫಿ ಗಿಡ ಮೊಗ್ಗು ಕಚ್ಚಿಕೊಂಡು ಹೂಮಳೆಗೆ ಕಾಯುತ್ತಿರುತ್ತದೆ. ಉದ್ದದ ಏಣಿಯನ್ನು ಅಡ್ಡ ಮಾಡಿದರೆ ಸಾಲಿನ ಗಿಡಗಳ ರೆಕ್ಕೆಗಳ, ಎಂದರೆ ಅಡ್ಡ ಕೊಂಬೆಗಳ, ಮೇಲೆಲ್ಲ ಬೀಳುತ್ತದೆ. ಉದುರಿದ ಮೊಗ್ಗೆಂದರೆ ಬರುವ ವರ್ಷ ಇಲ್ಲದ ಹಣ್ಣು. ಆದ್ದರಿಂದ ಏಣಿ ಮಲಗಿಸುವವನನ್ನು ಕೆಲಸ ಬಾರದವನು ಅನ್ನುತ್ತಾರೆ. ಜಾವಳಿಯ ಹತ್ತಿರ ನಮ್ಮದೂ ಒಂದು ಸಣ್ಣ ತೋಟವಿದೆ. ಅಪ್ಪ ವಯಸ್ಸಾದ ಮೇಲೂ ಏಣಿಯನ್ನು ಹಾಗೆಯೇ ನೆಟ್ಟಗೆ ಹೊರುತ್ತಿದ್ದರು, ಹೊರುವಾಗ ಅವರ ಕತ್ತಿನ ನರ ಉಬ್ಬುತ್ತಿತ್ತು, ಆದರೂ ಮಲಗಿಸುತ್ತಿರಲಿಲ್ಲ.

ಏಣಿ ಬಿದಿರಿನದ್ದಾಗಿರುವವರೆಗೆ ಇದರಲ್ಲಿ ಯಾರಿಗೂ ಯಾವ ಕೇಡೂ ಇರಲಿಲ್ಲ.

ನಾನು ಚಿಕ್ಕಮಗಳೂರಿನಲ್ಲಿ ಬಿ.ಕಾಂ. ಮುಗಿಸಿ, ಬ್ಯಾಂಕಿನ ಪರೀಕ್ಷೆಗಳನ್ನು ಬರೆದು, ಯಾವುದೂ ಕೈಹತ್ತದೆ, ನಮ್ಮೂರಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ದೂರದ ಒಂದು ದೊಡ್ಡ ಎಸ್ಟೇಟಿಗೆ ರೈಟರ್ ಆಗಿ ಸೇರಿದ್ದೆ. ರೈಟರ್ ಎಂದರೆ ಬೆಳಿಗ್ಗೆ ಹಾಜರಿ ಕೂಗುವವನು, ಸಂಜೆ ಆದ ಕೆಲಸ ನೋಡುವವನು, ಸಾಹುಕಾರರ ಮಾತನ್ನು ಆಳುಗಳಿಗೂ ಆಳುಗಳ ಮಾತನ್ನು ಸಾಹುಕಾರರಿಗೂ ಹೊರುವವನು. ಎರಡು ಸಾವಿರದ ಇಸವಿಯ ಆಚೀಚಿನ ಕಾಲ. ಕಾಫಿಯ ಬೆಲೆ ನೆಲ ಕಚ್ಚಿತ್ತು. ಸಿಲ್ವರ್ ಮರಗಳಿಗೆ ಹಬ್ಬಿದ ಮೆಣಸೊಂದೇ ತೋಟಗಳನ್ನು ಎತ್ತಿ ಹಿಡಿದಿತ್ತು. ಅದೇ ಸಮಯದಲ್ಲಿ ಕಾಡಿನ ಬಿದಿರು ಹೂಬಿಟ್ಟು ಮೆಳೆಮೆಳೆಯೇ ಒಣಗಿಹೋಯಿತು. ಏಣಿಗೆ ಆಗುವಂಥ ಬಲಿತ ಗಳ ಹುಡುಕಿದರೂ ಸಿಗದಾಯಿತು. ಸಾಹುಕಾರರು ಅಲ್ಯೂಮಿನಿಯಂ ಏಣಿಗಳನ್ನು ತರಿಸಿದರು. ಬಿದಿರಿನ ಅರ್ಧ ತೂಕವೂ ಇಲ್ಲ, ಮುಳ್ಳಿಲ್ಲ, ಗೆದ್ದಲು ತಿನ್ನುವುದಿಲ್ಲ. ಏಣಿ ಹತ್ತುವವರಿಗೂ ಮೊದಲು ಖುಷಿಯೇ ಆಗಿತ್ತು. ಮದುವಣಗಿತ್ತಿಯ ಹಾಗೆ ಹೊಳೀತದೆ ಎಂದು ತಮಾಷೆ ಮಾಡಿಕೊಂಡೇ ಹೊತ್ತರು.

ರಸ್ತೆಗೆ ತಾಗಿಕೊಂಡಿದ್ದ ರೊಬಸ್ಟಾ ಬ್ಲಾಕಿನ ನಡುವೆ ವಿದ್ಯುತ್ತಿನ ದೊಡ್ಡ ಲೈನ್ ಹಾದುಹೋಗಿತ್ತು. ತಂತಿಯ ನೇರ ಕೆಳಗೆ ಬರುವ ಮರಗಳನ್ನು ಹಿಂದೆಯೇ ಕಡಿದಿದ್ದರು. ಅಲ್ಲಿ ಬರೀ ಕಾಫಿ ಗಿಡ. ಎರಡು ಬದಿಯಲ್ಲಿ ಉಳಿದ ಸಿಲ್ವರ್ ಮರಗಳಲ್ಲಿ ಮೆಣಸು ತುದಿಯವರೆಗೆ ಹಬ್ಬಿತ್ತು. ಈ ಬದಿಯ ಮರ ಮುಗಿಸಿ ಆ ಬದಿಯ ಮರಕ್ಕೆ ಹೋಗುವವನು ಏಣಿಯನ್ನು ತಂತಿಯ ಅಡಿಯಲ್ಲಿಯೇ ದಾಟಿಸಬೇಕು. ಹಿಂದಿನ ವರ್ಷ ಕಳಸದ ಕಡೆ ಒಂದು ತೋಟದಲ್ಲಿ ಹೀಗೆಯೇ ಏಣಿ ತಂತಿಗೆ ತಾಗಿ ಒಬ್ಬ ಸತ್ತನೆಂಬ ಸುದ್ದಿ ನಮ್ಮಲ್ಲಿಗೂ ಬಂದಿತ್ತು. ಕುಡಿದಿದ್ದನಂತೆ ಎಂದು ಸುದ್ದಿಯ ಬಾಲ ಸೇರಿಸಿ ಎಲ್ಲರೂ ಅದನ್ನು ಮರೆತಿದ್ದರು.

ನಮ್ಮಲ್ಲಿ ಏಣಿ ಹತ್ತುವವರು ನಾಲ್ಕೇ ಜನ. ಅವರಲ್ಲಿ ಹಿರಿಯವನಿಗೆ, ಏಣಿಯವನು ಎಂದೇ ಎಲ್ಲರೂ ಕರೆಯುತ್ತಿದ್ದವನಿಗೆ, ನಲವತ್ತರ ಆಸುಪಾಸು. ತೋಟದ ಆಳುಗಳ ಸಾಲುಮನೆಯಲ್ಲೇ, ಲೈನ್ ಮನೆಯಲ್ಲೇ, ಹುಟ್ಟಿದವನು. ಮರದ ಮೇಲಿಂದಲೇ ಕೆಳಗಿನ ಹೆಂಗಸರ ಜೊತೆ ಜಗಳ ಆಡುತ್ತಾ, ಯಾರ ಮನೆಯ ಸಾರಿನ ವಾಸನೆ ಎಲ್ಲಿಂದ ಬರುತ್ತಿದೆ ಎಂದು ಅಲ್ಲಿಂದಲೇ ಹೇಳುತ್ತಾ ಕೊಯ್ಯುವವನು. ಆ ವರ್ಷ ಆ ಬ್ಲಾಕಿನಲ್ಲಿ ಮೆಣಸು ಕೊಯ್ಲು ಶುರುವಾದ ದಿನ ಅವನು ಏಣಿ ಹೊತ್ತು ತಂತಿಯ ಅಡಿ ದಾಟುವಾಗ ಕೈಯಿಂದ ಹೆಗಲಿನವರೆಗೆ ಜುಮ್ಮೆಂದಿತಂತೆ. ಏಣಿ ತಂತಿಗೆ ತಾಗಿರಲಿಲ್ಲ, ಹತ್ತಿರ ಹೋಗಿತ್ತು ಅಷ್ಟೇ. ಅವನು ಅಲ್ಲಿಯೇ ಏಣಿಯನ್ನು ಕಾಫಿಯ ಮೇಲೆ ಮಲಗಿಸಿಬಿಟ್ಟ. ಮೇಸ್ತ್ರಿ ಓಡಿಬಂದು ಮೊಗ್ಗು ಹೋಯ್ತಲ್ಲೋ ಎಂದು ಬೈದನಂತೆ. ಇವನು ಸೊಂಟಕ್ಕೆ ಕಟ್ಟಿದ ಮೆಣಸಿನ ಚೀಲವನ್ನೂ ಬಿಚ್ಚದೆ ಮನೆಗೆ ಹೋದ.

ಮರುದಿನ ಬೆಳಿಗ್ಗೆ ಕಣದಲ್ಲಿ ಹಾಜರಿ ಕೂಗುವಾಗ ಅವನನ್ನು ಮತ್ತೆ ಅದೇ ಬ್ಲಾಕಿಗೆ ಹಾಕಿದೆವು. ಹಾಕಿದ್ದು ಮೇಸ್ತ್ರಿ, ಕೂಗಿದ್ದು ನಾನು.

"ಬಿದ್ರು ಏಣಿ ಕೊಡಿ, ಹತ್ತೀನಿ," ಎಂದ. "ಇಲ್ಲಾಂದ್ರೆ ಲೈನ್ ತೆಗ್ಸಿ."

ಮೇಸ್ತ್ರಿ, "ಬಿದ್ರು ಎಲ್ಲಿಂದ ತರ್ಲಿ ಮಾರಾಯ, ನಿನ್ ಮಾವನ ಮನೆಯಿಂದನಾ? ಆಗದಿದ್ರೆ ಇವತ್ತು ಮನೇಲಿರು," ಎಂದ.

ಅವನು ಸರಿ ಎಂದು ತಿರುಗಿದ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಕಳೆ ತೆಗೆಯುವ ಹೆಂಗಸರ ಸಾಲಿನಲ್ಲಿದ್ದ ಅವನ ಹೆಂಡತಿ ಕತ್ತಿಯನ್ನು ನೆಲಕ್ಕೆ ಹಾಕಿ ಕೂತಳು. ಅವಳ ಪಕ್ಕದವಳು ಕೂತಳು. ಆಮೇಲೆ ಯಾರು ಮೊದಲು ಯಾರು ನಂತರ ಎಂದು ನನಗೆ ಗೊತ್ತಾಗಲಿಲ್ಲ. ಕಣದ ತುಂಬ ಜನ ಕೂತಿದ್ದರು, ನಾನು ಮತ್ತು ಮೇಸ್ತ್ರಿ ಮಾತ್ರ ನಿಂತಿದ್ದೆವು.

"ಇದೆಂತ ಹೊಸ ನಾಟ್ಕ? ನಿಮ್ನ ಯಾರು ಏಣಿ ಹತ್ತಿ ಅಂದ್ರು?" ಎಂದು ಮೇಸ್ತ್ರಿ ಹೆಂಗಸರನ್ನು ಕೇಳಿದ.

ಒಬ್ಬ ಮುದುಕಿ ಎಲೆಯಡಿಕೆಯನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ದಾಟಿಸಿ ಹೇಳಿದಳು: "ಸಾವ್ಕಾರ್ರ ಮೊಗ್ಗು ಉದುರ್ಬಾರ್ದು, ನಮ್ ಗಂಡಸ್ರು ಉದುರ್ಬೋದು. ಅಲ್ವನಾ ಮೇಸ್ತ್ರಿ?"

ಎಲ್ಲರೂ ನಕ್ಕರು. ಮೇಸ್ತ್ರಿಯೂ ತಡೆಯಲಾರದೆ ನಕ್ಕ. ಮುಷ್ಕರ ಶುರುವಾದದ್ದು ಹಾಗೆ, ನಗುವಿನಲ್ಲಿ. ನಾಲ್ಕು ಜನ ಹಿಡಿಯಬೇಕಾದ ಏಣಿಗಾಗಿ ಲೈನ್ ಮನೆಗಳ ಜನರೆಲ್ಲ ಕೆಲಸ ಬಿಟ್ಟರು. ಆ ಏಣಿಯನ್ನು ಜನ್ಮದಲ್ಲಿ ಮುಟ್ಟದವರೇ ಅವರಲ್ಲಿ ಹೆಚ್ಚು.

ನಾನು ಬಂಗಲೆಗೆ ಹೋಗಿ ವಿಷಯ ಹೇಳಿದೆ. ಸಾಹುಕಾರರು ಕೂಗಾಡುವ ಮನುಷ್ಯರಲ್ಲ. ಎಲ್ಲರನ್ನೂ ಮಗಾ, ತಾಯೀ ಎಂದೇ ಮಾತಾಡಿಸುವವರು. ಬೇಡಿಕೆ ಬಹಳ ಸಣ್ಣದಾಗಿತ್ತು: ಆ ಬ್ಲಾಕಿನಲ್ಲಿ ಮೆಣಸು ಕೊಯ್ಯುವಷ್ಟು ದಿನ, ಕೊಯ್ಯುವ ಹೊತ್ತು, ವಿದ್ಯುತ್ ಕಚೇರಿಗೆ ಹೇಳಿ ಲೈನ್ ತೆಗೆಸಬೇಕು, ಎಂದರೆ ತಂತಿಯ ಕರೆಂಟು ನಿಲ್ಲಿಸಬೇಕು. ಸಾಹುಕಾರರು ಕಿಟಕಿಯಿಂದ ಹೊರಗೆ ನೋಡುತ್ತಾ ಕೇಳಿಸಿಕೊಂಡರು. ಹೂಮಳೆ ಬಂದಿರಲಿಲ್ಲ. ಕೆರೆಯ ನೀರನ್ನು ಪಂಪಿನಿಂದ ಹಾರಿಸಿ ಹೂ ಬಿಡಿಸುವ ಕೆಲಸ ಆ ವಾರವೇ ಆಗಬೇಕು. ಪಂಪಿಗೆ ಬೇಕಾದ ಕರೆಂಟು ಅದೇ ಲೈನಿನಿಂದ ಬರುವುದು, ಅದೂ ಹಗಲಿನ ಕೆಲವು ತಾಸು. ಅದೇ ಹೊತ್ತಿನಲ್ಲಿ ಲೈನ್ ತೆಗೆಸಿದರೆ ನೀರು ಹಾರಿಸುವುದು ಯಾವಾಗ? ಅವರು ಕೇಳಿದ್ದು ಇಷ್ಟೇ. ಮೆಣಸನ್ನು ಸ್ವಲ್ಪ ದಿನ ಬಿಡಬಹುದಲ್ಲಾ ಎಂದೆ. ಹಣ್ಣಾದದ್ದು ಉದುರುತ್ತದೆ ಎಂದರು. ಅದೂ ನಿಜವೇ. ನೋಡಿಕೊಂಡು ದಾಟಲಿಕ್ಕೆ ಹೇಳಿ, ಕಣ್ಣಿಲ್ಲವಾ ಎಂದರು. ನಾನು ಆ ಮಾತನ್ನು ಹೊತ್ತುಕೊಂಡು ಕಣಕ್ಕೆ ಬಂದೆ.

ಅದನ್ನು ಕೇಳಿ ಏಣಿಯವನ ಹೆಂಡತಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ರೈಟ್ರೇ, ನಿಮ್ ಪೆನ್ನಿಗೆ ಕರೆಂಟ್ ಹೊಡೆಯಲ್ಲ ಬಿಡಿ," ಎಂದಳು. ಅವಳಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ. ಮಧ್ಯಾಹ್ನ ಗಂಜಿ ಬಡಿಸುವಾಗ ನನಗೂ ಒಂದು ಲೋಟ ಇಟ್ಟಳು.

ಕಣದಲ್ಲಿಯೇ ಒಲೆ ಹೂಡಿದ್ದರು. ಸಿಪ್ಪೆ ಸುಲಿದ ಪಾರ್ಚ್‌ಮೆಂಟ್ ಕಾಫಿ ಒಣಗಿಸುವ ಸಿಮೆಂಟ್ ನೆಲ ಬಿಸಿಲಿಗೆ ಕಾದು, ಮಧ್ಯಾಹ್ನದ ನಂತರ ಕೂರಲಾಗದೆ ಗೋಡೌನಿನ ನೆರಳಿಗೆ ಸರಿಯುತ್ತಿದ್ದರು. ಕಾರ್ಮಿಕ ಸಂಘದ ಮುಂದಾಳು ಚಿಕ್ಕಮಗಳೂರಿನಿಂದ ಬಸ್ಸು ಹಿಡಿದು ಬಂದರು. ದಣಿದ ಮುಖದ, ಶರಟಿನ ಕಾಲರ್ ಸವೆದ ಮನುಷ್ಯ. ಮೊದಲು ತಿಳಿಸದೆ ಕೂತದ್ದು ತಪ್ಪು ಎಂದು ಬೈದರು, ಆಮೇಲೆ ಅಲ್ಲಿಯೇ ಜೊತೆಗೆ ಕೂತರು. ಅವರು ಮಾಡಿದ ಭಾಷಣ ನನಗೆ ನೆನಪಿಲ್ಲ. ಹೆಂಗಸರಲ್ಲಿ ಕೆಲವರು ಗೊಣಗುತ್ತಿದ್ದದ್ದು ನೆನಪಿದೆ. ಮನೆಯಲ್ಲಿ ಅಕ್ಕಿ ತಳ ಕಂಡಿದೆ, ನಮ್ಮ ಕೆಲಸ ನೆಲದ ಮೇಲೆ, ಏಣಿಯ ಗೊಡವೆ ನಮಗೆ ಯಾಕೆ ಎಂದು ಒಬ್ಬಳು ಬಾವಿಕಟ್ಟೆಯಲ್ಲಿ ಜೋರಾಗಿಯೇ ಹೇಳಿದ್ದಳು. ಮರುದಿನ ಬೆಳಿಗ್ಗೆ ಅವಳೂ ಬಂದು ಕೂತಳು. ಪಕ್ಕದವರು ಸ್ವಲ್ಪ ಸರಿದು ಜಾಗ ಕೊಟ್ಟರು.

ನಮ್ಮ ಮನೆಯಲ್ಲಿ ಅಪ್ಪನಿಗೆ ಇದು ಸರಿಬರಲಿಲ್ಲ. ಇವತ್ತು ಅವರ ತೋಟ, ನಾಳೆ ನಮ್ಮದು ಎಂದರು. ನಮ್ಮಲ್ಲಿ ಲೈನೂ ಇಲ್ಲ, ಏಣಿಗೆ ಆಳೂ ಇಲ್ಲ, ನೀವೇ ಹತ್ತುವುದಲ್ಲವಾ ಎಂದೆ. ಹಾಗಲ್ಲ ಎಂದರು. ಮುಷ್ಕರದ ಬಗ್ಗೆ ಕಾಲೇಜಿನಲ್ಲಿ ನಾನು ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ನನ್ನ ಎದುರಿಗಿದ್ದದ್ದು ಅದಲ್ಲ ಅನಿಸುತ್ತಿತ್ತು. ಇಲ್ಲಿ ಒಬ್ಬ ಮನುಷ್ಯ ಒಂದು ತಂತಿಯ ಅಡಿಯಲ್ಲಿ ಒಂದು ಏಣಿ ಹೊತ್ತು ದಾಟಬೇಕೋ ಬೇಡವೋ ಎಂಬುದಷ್ಟೇ ಇತ್ತು.

ಮುಷ್ಕರ ಎರಡನೇ ವಾರಕ್ಕೆ ಕಾಲಿಟ್ಟಾಗ ಮೆಣಸು ಉದುರಲು ಶುರುವಾಯಿತು. ಸಾಹುಕಾರರು ಬಯಲುಸೀಮೆಯ ಕಡೆಯ ಒಬ್ಬ ಗುತ್ತಿಗೆದಾರನಿಗೆ ಹೇಳಿಕಳಿಸಿದರು. ಬೆಳಿಗ್ಗೆ ಒಂದು ಪಿಕಪ್ಪಿನಲ್ಲಿ ಹತ್ತಾರು ಗಂಡಸರು ಬಂದಿಳಿದರು. ತೋಟದ ಒಳಗೆ ಕಾಲಿಡಬಾರದೆಂದು ಪೊಲೀಸರು ನಮ್ಮ ಜನರನ್ನು ಗೇಟಿನಾಚೆ ರಸ್ತೆಗೆ ಕಳಿಸಿದರು. ಪಿಕಪ್ಪಿನವರಿಗೆ ಯಾರೋ ಆಗಲೇ ಹೆದರಿಸಿಟ್ಟಿದ್ದರು. ಇಲ್ಲಿನ ಆಳುಗಳು ಹೊಡೆಯಲಿಕ್ಕೆ ಬರುತ್ತಾರೆ, ಒಟ್ಟಿಗೇ ಇರಿ, ಕೈಯಲ್ಲಿ ದೊಣ್ಣೆ ಇರಲಿ ಎಂದು. ಅವರು ನಮ್ಮ ಕಾಡನ್ನೂ ನೆರಳನ್ನೂ ನೋಡುತ್ತಾ ಒಬ್ಬರಿಗೊಬ್ಬರು ಅಂಟಿಕೊಂಡೇ ನಡೆದರು.

ಅವರಲ್ಲಿ ಒಬ್ಬ, ಮೂವತ್ತೈದರ ಮನುಷ್ಯ, ತಲೆಗೆ ಹಸಿರು ಟವೆಲ್ ಸುತ್ತಿದವನು, ನನ್ನ ಹತ್ತಿರ ಬಂದು, "ಸಾಮಿ, ಒಂದೀಟು ಸುಣ್ಣ ಐತಾ?" ಎಂದು ಕೇಳಿದ. ನನ್ನಲ್ಲಿ ಇರಲಿಲ್ಲ. ಮೇಸ್ತ್ರಿ ತನ್ನ ಡಬ್ಬಿಯಿಂದ ಕೊಟ್ಟ. ಅವನು ಎಲೆಗೆ ಸುಣ್ಣ ಹಚ್ಚುತ್ತಾ ಮರಗಳನ್ನು ತಲೆಯೆತ್ತಿ ನೋಡಿ, ತೆಂಗಿಗಿಂತ ಎತ್ತರ ಅವೆ ಎಂದು ತನ್ನವರಿಗೆ ಹೇಳಿದ. ತೆಂಗಿನ ಮರ ಹತ್ತುವುದು ಅವನಿಗೆ ರೂಢಿಯಂತೆ. ಊರಿನಲ್ಲಿ ಮಳೆ ಇಲ್ಲದೆ ಕೆಲಸವಿಲ್ಲ ಎಂದ.

ಮೇಸ್ತ್ರಿ ಅವರಿಗೆ ಕೆಲಸ ತೋರಿಸಿಕೊಟ್ಟ. ಬಳ್ಳಿಯನ್ನು ಎಳೆಯಬಾರದು, ಗೊಂಚಲು ಮಾತ್ರ ಕೀಳಬೇಕು, ಏಣಿಯನ್ನು ಮರಕ್ಕೆ ಹಗ್ಗದಿಂದ ಕಟ್ಟಿಯೇ ಹತ್ತಬೇಕು. ತಂತಿ ಇದೆ, ನೋಡಿಕೊಳ್ಳಿ ಎಂದೂ ಹೇಳಿದ. ಆಮೇಲೆ, ಮೂವತ್ತು ವರ್ಷ ಎಲ್ಲರಿಗೂ ಹೇಳಿದ ಮಾತನ್ನು ಇವರಿಗೂ ಹೇಳಿದ: "ಏಣಿ ಮಾತ್ರ ಮಲಗಿಸ್ಬೇಡಿ. ಮೊಗ್ಗು ಹೋಯ್ತದೆ."

ನಾನು ಪಕ್ಕದಲ್ಲಿಯೇ ಇದ್ದೆ. ಆ ಮಾತು ನನ್ನ ಕಿವಿಗೆ ಹೊಸದಾಗಿ ಕೇಳಿಸಲೇ ಇಲ್ಲ. ಹುಟ್ಟಿದಾಗಿನಿಂದ ಕೇಳಿದ ಮಾತು ಅದು.

ಬೇಲಿಯಾಚೆ ರಸ್ತೆ ಬದಿಯ ಎತ್ತರದ ಮಣ್ಣಿನ ದರೆಯ ಮೇಲೆ ನಮ್ಮ ಜನ ಸಾಲಾಗಿ ನಿಂತಿದ್ದರು. ಮೊದಲು ಹೆಂಗಸರು ಪಿಕಪ್ಪಿನವರನ್ನು ಚೆನ್ನಾಗಿ ಬೈದರು. ನಮ್ಮ ಅನ್ನಕ್ಕೆ ಮಣ್ಣು ಹಾಕಲಿಕ್ಕೆ ಬಂದಿರಾ, ನಿಮ್ಮೂರಲ್ಲಿ ಹೆಂಡತಿ ಮಕ್ಕಳಿಲ್ವಾ ಎಂದೆಲ್ಲ. ಆಮೇಲೆ ಬೈಗುಳ ನಿಂತಿತು. ಏಣಿ ಹತ್ತಿದ ಹೊಸಬ ಬಳ್ಳಿಯನ್ನು ಅಡ್ಡಾದಿಡ್ಡಿ ಹಿಡಿಯುವುದನ್ನು ಅವರು ನೋಡುತ್ತಾ ನಿಂತರು. ನಮ್ಮ ಏಣಿಯವನು ಬೇಲಿಯ ಕಲ್ಲುಕಂಬ ಹಿಡಿದು ನಿಂತಿದ್ದ. ಅವನ ಮುಖದಲ್ಲಿ ಎಂದಿನ ತಮಾಷೆ ಇರಲಿಲ್ಲ.

ಹಸಿರು ಟವೆಲಿನವನು ತನ್ನ ಮರ ಮುಗಿಸಿ ಇಳಿದ. ಏಣಿಯ ಹಗ್ಗ ಬಿಚ್ಚಿದ. ಬುಡವನ್ನು ಎದೆಗೆ ಅವಚಿಕೊಂಡು ಎತ್ತಿದ. ಹೊಸಬನಿಗೆ ಅದು ಕಷ್ಟ. ತುದಿ ಎಳೆದ ಕಡೆಗೆ ಕಾಲು ಹೋಗಬೇಕಾಗುತ್ತದೆ. ಅವನು ತುದಿಯನ್ನು ನೋಡುತ್ತಿರಲಿಲ್ಲ, ಕಾಲಡಿಯ ಕಾಫಿ ಗಿಡಗಳನ್ನು ನೋಡುತ್ತಿದ್ದ. ರೆಕ್ಕೆ ಮುರಿಯದ ಹಾಗೆ ಒಂದೊಂದೇ ಹೆಜ್ಜೆ ಇಡುತ್ತಿದ್ದ. ಅಷ್ಟು ಜಾಗ್ರತೆಯಾಗಿ ಇಡುತ್ತಿದ್ದ.

ಏಣಿಯವನು ಬೇಲಿ ಹಾರಿದ. ಅವನ ಹಿಂದೆ ಇನ್ನಿಬ್ಬರು ಏಣಿ ಹತ್ತುವವರು, ಅವರ ಹಿಂದೆ ಮತ್ತಷ್ಟು ಜನ. ಅವನು ಓಡುತ್ತಾ ಕೂಗುತ್ತಿದ್ದ: "ಮಲಗ್ಸು ಮಾರಾಯ! ಏಣಿ ಮಲಗ್ಸು!"

ನಾನೂ ಕೂಗಿದೆ. ನಾನು ಏನು ಕೂಗಿದೆನೋ ನನಗೆ ಗೊತ್ತಿಲ್ಲ.

ಹಸಿರು ಟವೆಲಿನವನು ತಲೆಯೆತ್ತಿ ನೋಡಿದ. ಅವನಿಗೆ ಕಂಡದ್ದು ತನ್ನ ಕಡೆ ಓಡಿಬರುತ್ತಿರುವ ಜನ. ಅವರು ಬಂದೇ ಬರುತ್ತಾರೆ ಎಂದು ಅವನಿಗೆ ಹೇಳಿದ್ದರು. ಅವನ ಕಡೆಯವರು ದೊಣ್ಣೆ ಹಿಡಿದು ಅಡ್ಡ ಬಂದರು. ಏಣಿಯವನನ್ನು ಇಬ್ಬರು ತಬ್ಬಿ ಹಿಡಿದರು. ಅವನು ಅವರ ತೋಳುಗಳ ಮಧ್ಯದಿಂದಲೇ ಮಲಗಿಸು ಮಲಗಿಸು ಎನ್ನುತ್ತಿದ್ದ. ಹಸಿರು ಟವೆಲಿನವನು ಏಣಿಯನ್ನು ಬಿಡಲಿಲ್ಲ. ಇನ್ನೂ ಬಿಗಿಯಾಗಿ ಅವಚಿಕೊಂಡು ಹಿಂದಕ್ಕೆ ಹೆಜ್ಜೆ ಇಟ್ಟ. ಒಂದು, ಮತ್ತೊಂದು. ಏಣಿಯ ತುದಿ ಅವನ ಹಿಂದೆ ನಿಧಾನವಾಗಿ ವಾಲಿತು.

ಸದ್ದು ದೊಡ್ಡದಾಗಿರಲಿಲ್ಲ. ಒಣ ಕೊಂಬೆ ಮುರಿದ ಹಾಗೆ ಇತ್ತು. ಅವನು ಬಿದ್ದ. ಏಣಿ ಕಾಫಿಯ ಮೇಲೆ ಮಲಗಿತು.

ಇಷ್ಟು ವರ್ಷಗಳಲ್ಲಿ ನಾನು ಆ ಕೆಲವು ಗಳಿಗೆಗಳನ್ನು ಎಷ್ಟು ಸಲ ಹಿಂದಕ್ಕೆ ತಿರುಗಿಸಿದ್ದೇನೋ ಲೆಕ್ಕವಿಲ್ಲ. ಸ್ನಾನ ಮಾಡುವಾಗ, ಬಸ್ಸಿನಲ್ಲಿ ಕೂತಾಗ, ಯಾರ ಜೊತೆಗೋ ಮಾತಾಡುತ್ತಿರುವಾಗಲೇ ಅದು ಒಳಗೆ ಶುರುವಾಗುತ್ತದೆ. ಒಮ್ಮೆ ನಮ್ಮವರು ಓಡದೆ ಬೇಲಿಯಲ್ಲಿಯೇ ನಿಂತು ಕೂಗುತ್ತಾರೆ. ಒಮ್ಮೆ ಓಡುತ್ತಾರೆ, ಆದರೆ ದೊಣ್ಣೆಯವರು ಅಡ್ಡ ಬರುವುದಿಲ್ಲ. ಒಮ್ಮೆ ಯಾರೂ ಬೇಲಿಯಲ್ಲಿಲ್ಲ, ಅವನು ತನ್ನ ಪಾಡಿಗೆ ದಾಟುತ್ತಾನೆ. ದಾಟಿಬಿಡುತ್ತಿದ್ದನೋ ಏನೋ. ಅಥವಾ ಇನ್ನೆರಡು ಹೆಜ್ಜೆಯಲ್ಲಿ ತಾಗಿಯೇ ತಾಗುತ್ತಿತ್ತೋ. ಯಾವ ರೀತಿ ಓಡಿಸಿದರೂ ಕೊನೆಯಲ್ಲಿ ಗೊತ್ತಾಗುವುದಿಲ್ಲ. ಏಣಿಯವನ ಹತ್ತಿರ ಒಮ್ಮೆ ಇದನ್ನು ಹೇಳಿದೆ. ಅವನು, "ನಂಗೂ ಹಂಗೇ ಆಯ್ತದೆ," ಎಂದು ಮಾತು ಬದಲಿಸಿದ.

ಅವತ್ತು ಅವನೇ ಮೊದಲು ಬಿಡಿಸಿಕೊಂಡು ಬಿದ್ದವನ ಹತ್ತಿರ ಹೋದದ್ದು. ಎದೆ ಒತ್ತಿ ನೋಡಿದ, ಬಾಯಿಗೆ ಉಸಿರು ಊದಿ ನೋಡಿದ. ತಬ್ಬಿ ಹಿಡಿದಿದ್ದವರು ಆಗ ದೊಣ್ಣೆ ಬಿಸಾಡಿ ಅಳುತ್ತಾ ಕೂತಿದ್ದರು. ಅದೇ ಪಿಕಪ್ಪಿನಲ್ಲಿ ಅವನನ್ನು ಆಸ್ಪತ್ರೆಗೆ ತೆಗೆದುಕೊಂಡು ಹೋದೆವು. ನಮ್ಮ ಜನ, ಅವರ ಜನ ಒಟ್ಟಿಗೆ ಎತ್ತಿದರು. ಆಸ್ಪತ್ರೆಯಲ್ಲಿ ಮಾಡುವುದೇನೂ ಉಳಿದಿರಲಿಲ್ಲ.

ಸಂಜೆಯೊಳಗೆ ಏಣಿಯವನನ್ನೂ ಇನ್ನಿಬ್ಬರನ್ನೂ ಪೊಲೀಸರು ಕರೆದುಕೊಂಡು ಹೋದರು. ಮುಷ್ಕರದವರು ಗುಂಪಾಗಿ ನುಗ್ಗಿ ಹೆದರಿಸಿದ್ದರಿಂದ ಸಾವಾಯಿತು ಎಂದು ಗುತ್ತಿಗೆದಾರ ದೂರು ಕೊಟ್ಟಿದ್ದ. ನಾನು ಕಣ್ಣಾರೆ ಕಂಡವನು. ಠಾಣೆಯಲ್ಲಿ ನನ್ನನ್ನು ಕೂರಿಸಿ ಟೀ ಕೊಟ್ಟರು. ಅವರು ಉಳಿಸಲಿಕ್ಕೆ ಓಡಿದರು ಎಂದೆ. ಮಲಗಿಸು ಎಂದು ಕೂಗಿದರು ಎಂದೆ. ಮೊಗ್ಗಿನ ವಿಷಯ, ಏಣಿಯನ್ನು ನೆಟ್ಟಗೆ ಹೊರುವ ವಿಷಯ, ಎಲ್ಲ ಹೇಳಿದೆ. ಬರೆದುಕೊಳ್ಳುತ್ತಿದ್ದವರು ಬಯಲುಸೀಮೆಯವರು, ಕಾಫಿ ಮೊಗ್ಗಿಗೂ ಸಾವಿಗೂ ಏನು ಸಂಬಂಧ ಎಂದು ಅವರಿಗೆ ಅರ್ಥವಾಗಲಿಲ್ಲ. ತಾಳ್ಮೆಯಿಂದಲೇ ಕೇಳಿದರು: "ಬೇಲಿ ಹಾರಿ ಓಡಿ ಬಂದ್ರಾ, ಇಲ್ವಾ?"

"ಬಂದ್ರು."

"ಅವ್ನು ಅವ್ರನ್ನ ನೋಡಿ ಹಿಂದಕ್ಕೆ ಸರಿದ್ನಾ, ಇಲ್ವಾ?"

"ಸರಿದ."

ಎರಡೂ ನಿಜ. ನಾನು ಮತ್ತೆ ಹೇಳಲು ಹೋದೆ. ಆಯ್ತು ಆಯ್ತು, ಟೀ ಆರುತ್ತದೆ ಎಂದರು.

ಮರುದಿನ ಸಾಹುಕಾರರು ನನ್ನನ್ನು ಕರೆದರು. ಅವರ ಕಣ್ಣು ಕೆಂಪಾಗಿತ್ತು. ನಿದ್ದೆ ಮಾಡಿರಲಿಲ್ಲ ಎಂದು ಕಾಣುತ್ತಿತ್ತು. ಸತ್ತವನ ಮನೆಯವರನ್ನು ನೋಡಿಕೊಳ್ಳುತ್ತೇನೆ ಎಂದರು. ನೋಡಿಕೊಂಡರು ಕೂಡ ಎಂದು ಆಮೇಲೆ ನನ್ನ ಕಿವಿಗೆ ಬಿತ್ತು. ನನಗೆ ಯಾರ ಮೇಲೂ ದ್ವೇಷವಿಲ್ಲ, ಇವರೆಲ್ಲ ನನ್ನ ಕಣ್ಣೆದುರು ಬೆಳೆದವರು ಎಂದರು. ಗುತ್ತಿಗೆದಾರನಿಗೂ ಠಾಣೆಗೂ ನಾನು ಮಾತಾಡಿದರೆ ಮೂವರೂ ಹೊರಗೆ ಬರುತ್ತಾರೆ, ಆದರೆ ತೋಟದಲ್ಲಿ ಗಲಾಟೆ ನಡೆಯುತ್ತಿರುವಾಗ ಯಾವ ಮುಖದಿಂದ ಮಾತಾಡಲಿ, ನಾಳೆಯಿಂದ ಎಲ್ಲರೂ ಎಂದಿನಂತೆ ಕೆಲಸಕ್ಕೆ ಬರಲಿ ಎಂದರು. ಎಂದಿನಂತೆ ಎಂದರೆ ಎಂದಿನಂತೆಯೇ. ಲೈನ್ ತೆಗೆಸುವ ಮಾತನ್ನು ಅವರು ಎತ್ತಲಿಲ್ಲ. ನಾನು ಎತ್ತಿದೆ. ಹೂ ಬಿಡುವ ಹೊತ್ತು ಕಣಯ್ಯಾ ಎಂದರು, ಬೇಡಿಕೊಳ್ಳುವ ದನಿಯಲ್ಲಿ.

ಆ ಮಾತನ್ನೂ ನಾನೇ ಹೊತ್ತೆ. ಕಣಕ್ಕೆ ಸಂಘದ ಮುಂದಾಳು ಬಂದಿದ್ದರು. ವಕೀಲರನ್ನು ಇಡೋಣ, ಆದರೆ ಬಿಡುಗಡೆಗೆ ಎಷ್ಟು ದಿನ ಹಿಡಿಯುತ್ತದೋ ಹೇಳಲಾರೆ ಎಂದು ಪ್ರಾಮಾಣಿಕವಾಗಿಯೇ ಹೇಳಿದರು. ಈಗ ಬಿಟ್ಟುಕೊಟ್ಟರೆ ಏಣಿಯ ವಿಷಯ ಮತ್ತೆ ಎತ್ತಲಿಕ್ಕಾಗುವುದಿಲ್ಲ ಎಂದೂ ಹೇಳಿದರು. ಎಲ್ಲರೂ ಏಣಿಯವನ ಹೆಂಡತಿಯನ್ನು ನೋಡಿದರು. ಯಾರೂ ಅವಳನ್ನು ಕೇಳಿರಲಿಲ್ಲ, ಆದರೆ ಹೇಳಬೇಕಾದವಳು ಅವಳೇ ಎಂದು ಎಲ್ಲರಿಗೂ ಅನಿಸಿತ್ತು.

"ಕೆಲ್ಸಕ್ಕೆ ಹೋಗೋಣ," ಎಂದಳು.

ಬಾವಿಕಟ್ಟೆಯಲ್ಲಿ ಗೊಣಗಿದ್ದ ಹೆಂಗಸೇ ಎದ್ದು ನಿಂತಳು. "ನಾವ್ ಕೂರ್ತೀವಿ ಕಣೇ. ನೀ ಹೆದರ್ಬೇಡ. ಇನ್ನೂ ಕೂರ್ತೀವಿ. ಕೆಲ್ಸಕ್ಕೆ ಹೋದ್ರೆ ನಾಳೆ ಆ ಏಣಿ ಹಿಡಿಯೋನು ಯಾರು, ನಿನ್ ಗಂಡನೇ ಅಲ್ವಾ?"

"ಗೊತ್ತು," ಎಂದಳು ಅವಳು. "ಏಣಿ ಹಿಡಿಯಕ್ಕಾದ್ರೂ ಅಂವ ಮನೆಗ್ ಬರ್ಲಿ."

ಅವನು ಆ ಏಣಿ ಹಿಡಿಯಬಾರದೆಂದು ಅಷ್ಟು ಜನ ಅಷ್ಟು ದಿನ ಕೂತಿದ್ದರು. ಈಗ ಅವನಿಗಾಗಿಯೇ ಎದ್ದರು. ಏಳುವಾಗ ಮೊದಲ ದಿನದ ಹಾಗೆ ಯಾರೂ ನಗಲಿಲ್ಲ. ಒಲೆಯ ಕಲ್ಲುಗಳನ್ನು ತೆಗೆದು, ಕಣ ಗುಡಿಸಿ, ನೀರು ಹಾಕಿ ತೊಳೆದು ಹೋದರು.

ಮೂವರೂ ಹೊರಗೆ ಬಂದರು. ಸಾಹುಕಾರರು ಮಾತು ತಪ್ಪುವ ಮನುಷ್ಯರಲ್ಲ. ಏಣಿಯವನಿಗೆ ವಿಷಯ ದಾರಿಯಲ್ಲಿಯೇ ತಿಳಿದಿತ್ತು. ಮನೆಯಲ್ಲಿ ಏನು ಮಾತಾಯಿತೋ ಗೊತ್ತಿಲ್ಲ. ಮರುದಿನ ಹಾಜರಿಗೆ ಬಂದು ನಿಂತ. ಮೇಸ್ತ್ರಿ ಅವನ ಮುಖ ನೋಡಲಾರದೆ ನನ್ನ ಹತ್ತಿರ ಸರಿದು, "ನಾನೆಂತ ಹೇಳ್ದೆ ರೈಟ್ರೇ? ಮೊಗ್ಗು ಉದುರಿಸ್ಬೇಡಿ ಅಂದೆ. ಅಷ್ಟೇ ಅಲ್ವಾ?" ಎಂದ. ಆ ದಿನಗಳಲ್ಲಿ ಅವನು ಅದನ್ನು ಎಲ್ಲರ ಹತ್ತಿರವೂ ಕೇಳುತ್ತಿದ್ದ.

ತಂತಿಗೆ ತಾಗಿದ ಏಣಿಯನ್ನು ಪೊಲೀಸರು ಒಯ್ದಿದ್ದರು. ಗೋಡೌನಿನಲ್ಲಿ ಅಂಥದ್ದೇ ಬೇರೆ ಇತ್ತು. ಏಣಿಯವನು ಅದನ್ನು ಎತ್ತಿ ಹೆಗಲಿಗಿಟ್ಟುಕೊಂಡು, "ಎಲ್ಲಿಗ್ ಬಿಟ್ಟಿದ್ರಂತೆ?" ಎಂದು ಕೇಳಿದ. ಹಸಿರು ಟವೆಲಿನವನು ಕೊಯ್ದು ಮುಗಿಸಿದ್ದ ಮರವನ್ನು ಮೇಸ್ತ್ರಿ ಕೈಯಲ್ಲೇ ತೋರಿಸಿದ.

ಅವತ್ತು ಹೆಂಗಸರಿಗೆ ಅದೇ ಬ್ಲಾಕಿನಲ್ಲಿ ಕಳೆ ತೆಗೆಯುವ ಕೆಲಸವಿತ್ತು. ಅವನು ಮೊದಲ ಮರ ಇಳಿದು ಹಗ್ಗ ಬಿಚ್ಚುವ ಹೊತ್ತಿಗೆ, ಯಾರೂ ಕರೆಯದೆ, ಅವನ ಹೆಂಡತಿಯೂ ಇನ್ನು ಕೆಲವರೂ ಕತ್ತಿ ಕೆಳಗಿಟ್ಟು ಬಂದರು. ಏಣಿಯನ್ನು ನಿಧಾನವಾಗಿ ಇಳಿಸಿ ಮಲಗಿಸಿ, ಗಿಡಗಳ ತಲೆಗೆ ತಾಗದ ಹಾಗೆ ಸಾಲಾಗಿ ತೋಳೆತ್ತಿ ಹಿಡಿದು ದಾಟಿಸಿದರು. ಒಬ್ಬರ ಕೈಯಿಂದ ಒಬ್ಬರಿಗೆ ಸರಿಯುತ್ತಾ ಏಣಿ ತಂತಿಯ ಅಡಿಯಲ್ಲಿ ಹೋಯಿತು. ಆ ಬದಿ ಸೇರಿದ ಮೇಲೆ ಅದನ್ನು ಮರಕ್ಕೆ ಎತ್ತಿ ನಿಲ್ಲಿಸಬೇಕು. ಅದನ್ನು ಯಾರೂ ಹಂಚಿಕೊಳ್ಳಲಿಕ್ಕಾಗುವುದಿಲ್ಲ, ಇಬ್ಬರು ಹಿಡಿದರೆ ತುದಿ ಯಾವ ಕಡೆ ವಾಲುತ್ತದೋ ಹೇಳಲಾಗದು; ಬುಡವನ್ನು ಒಬ್ಬನೇ ಮೆಟ್ಟಿ ಹಿಡಿದು ಒಬ್ಬನೇ ಎತ್ತಬೇಕು. ಹೆಂಗಸರು ಹಿಂದೆ ಸರಿದು ನಿಂತರು. ಇಡೀ ಬ್ಲಾಕಿನಲ್ಲಿ ಕತ್ತಿಯ ಸದ್ದು ನಿಂತಿತು. ಏಣಿ ನೆಲದಿಂದ ಮೇಲೇಳುತ್ತಾ, ತಂತಿಯ ಎತ್ತರಕ್ಕೆ ಬಂದು, ಅದನ್ನು ಮೀರಿ, ಮರದ ಕಡೆ ವಾಲಿ ಕೂರುವವರೆಗೆ ಯಾರೂ ಉಸಿರಾಡಲಿಲ್ಲ. ನಾನೂ.

ಪ್ರತಿ ಮರಕ್ಕೂ ಹಾಗೆಯೇ ಆಯಿತು. ಕೆಲಸ ಹಾಳಾಗುತ್ತದೆ ಎಂದು ಮೇಸ್ತ್ರಿ ಹೇಳಲಿಲ್ಲ. ಸಾಹುಕಾರರು ಒಮ್ಮೆ ಜೀಪಿನಲ್ಲಿ ಬಂದು, ಏಣಿ ಮೇಲೇಳುವುದನ್ನು ಸ್ವಲ್ಪ ಹೊತ್ತು ನೋಡಿ, ಇಳಿಯದೆ ಹೋದರು. ಕೊನೆಯ ಮರ ಮುಗಿದ ದಿನ ಅವನು ಇಳಿದು ಗಿಡದ ಬುಡದಲ್ಲಿ ಕೂತ. ಬೀಡಿ ಹಚ್ಚಲಿಕ್ಕೆ ಆಗಲಿಲ್ಲ, ನಾನು ಹಚ್ಚಿಕೊಟ್ಟೆ. ಮುಂದಿನ ಬ್ಲಾಕಿನಲ್ಲಿ ಲೈನ್ ಇಲ್ಲವಲ್ಲ ಎಂದೆ, ಏನಾದರೂ ಹೇಳಬೇಕು ಎನ್ನಿಸಿ.

"ಈ ವರ್ಷಕ್ಕಾಯ್ತು," ಎಂದ.

ಬಳ್ಳಿಗಳ ಬುಡದಲ್ಲಿ ಹೊಸ ಚಿಗುರು ಆಗಲೇ ಮರ ಹಿಡಿಯಲು ಹೊರಟಿತ್ತು. ಮಳೆಗಾಲ ಮುಗಿಯುವುದರೊಳಗೆ ನಾನು ಆ ಕೆಲಸ ಬಿಟ್ಟೆ. ಬಿಟ್ಟು ಹೋಗಲಿಕ್ಕೆ ಅವನಿಗೆ ಬೇರೆ ಕೆಲಸವಿರಲಿಲ್ಲ.